ಸೀಸನ್‌ನ ಮೊದಲ ಪ್ರಾಕ್ಟೀಸು: ನಾಲ್ಕೂವರೆ ಸೆಕೆಂಡ್ ಎಲ್ಲಿಗ್ ಹೋಯ್ತು

ಬೈಕ್ ರೇಸಿನ ಪ್ರಾಕ್ಟೀಸ್ ಮುಗಿದು, ಎಲ್ಲರ ಬೆಸ್ಟ್ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಬರೆದಿರೋ ಟೈಮ್ ಶೀಟ್ ಅಂಟಿಸಿದ ತಕ್ಷಣ ಎಲ್ಲರ ಥರ ನಾನೂ ನನ್ನ ಹೆಸರು ಮೇಲಿಂದಾನೇ ಹುಡ್ಕೋಕ್ ಶುರು ಮಾಡ್ದೆ, ಹತ್ತರ ಒಳಗೆ ಇಲ್ಲ, ಹದಿನೈದರ ಒಳಗೂ ಇಲ್ಲ, ಕೊನೆಗೆ 19ನೇ ಸಾಲಲ್ಲಿ ಸಿಕ್ತು. 2 ನಿಮಿಷ 19.6 ಸೆಕೆಂಡ್. ಹೋದ ವರ್ಷ ಇದೇ ಟ್ರ್ಯಾಕಲ್ಲಿ, ಇದೇ ಗಾಡೀಲಿ, ಇದೇ ಹೆಲ್ಮೆಟ್ ಹಾಕ್ಕೊಂಡು ನಾನು ಹೊಡ್ದಿದ್ದು 2 ನಿಮಿಷ 15.1. ಅಂದ್ರೆ ಒಂದು ಬೇಸಿಗೆ ಕಳೆಯೋದ್ರೊಳಗೆ ನಾಲ್ಕೂವರೆ ಸೆಕೆಂಡ್ ಮಾಯ. ರೇಸಿಂಗ್ ಗೊತ್ತಿಲ್ಲದವ್ರಿಗೆ ನಾಲ್ಕೂವರೆ ಸೆಕೆಂಡ್ ಅಂದ್ರೆ ಸೀನೋಷ್ಟ್ ಟೈಮು, ಆದ್ರೆ ನಮ್ಮ 165 ಸಿಸಿವರೆಗಿನ ನೊವಿಸ್ (ಹೊಸಬರ) ಕ್ಲಾಸಲ್ಲಿ ಅಷ್ಟ್ರಲ್ಲಿ ಹತ್ತು ಜನ ಕೂತಿರ್ತಾರೆ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಾನು ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ವರ್ಷಕ್ಕೆ ನಾಲ್ಕೈದು ವೀಕೆಂಡ್ ರೇಸ್ ಮಾಡೋನು, ಪ್ರೊಫೆಷನಲ್ ಏನಲ್ಲ. ಯಮಹಾ ಆರ್‌15 ಗಾಡಿ, 155 ಸಿಸಿ, ಎಷ್ಟೇ ಟ್ಯೂನ್ ಮಾಡಿದ್ರೂ 20 ಹಾರ್ಸ್‌ಪವರ್ ಆಸುಪಾಸು. ನಮ್ಮೂರಲ್ಲಿ ಗಲ್ಲಿಗೊಬ್ಬ ರೇಸರ್ ಇದ್ದಾನೆ ಆದ್ರೆ ಟ್ರ್ಯಾಕ್ ಇಲ್ಲ, ಹಾಗಾಗಿ ಒಂದೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗ್ಬೇಕು ಇಲ್ಲಾ ಚೆನ್ನೈಗೆ ಮುಂಚೆ ಸಿಗೋ ಇರುಂಗಾಟ್ಟುಕೋಟ್ಟೈಗೆ. ಮದ್ರಾಸ್ ಟ್ರ್ಯಾಕ್ ಅಂತಾನೇ ನಾವೆಲ್ಲಾ ಕರೆಯೋದು, 3.717 ಕಿಲೋಮೀಟರ್, 12 ಕಾರ್ನರ್, ಸಿ1 ಸಿ2 ಅಂತ ನಂಬರಲ್ಲೇ ಮಾತು. ಅದು ಶ್ರೀಪೆರಂಬದೂರಿನ ಪಕ್ಕಾನೇ ಇರೋದ್ರಿಂದ ನಮ್ಮಮ್ಮಂಗೆ ಒಂದ್ ಥರ ಸಮಾಧಾನ, ರಾಮಾನುಜಾಚಾರ್ಯರು ಹುಟ್ಟಿದ ಊರು ಕಣೋ, ಮೇಲುಕೋಟೆಗೆ ವರ್ಷ ವರ್ಷ ಹೋಗ್ತೀವಿ, ಅಲ್ಲೀತನಕ ಹೋಗ್ತೀಯ ಗುಡಿಗೊಂದ್ ಸಲ ಹೋಗ್ಬಾ ಅಂತ ಪ್ರತಿ ಸಲ ಹೇಳ್ತಾರೆ, ನಾನು ಪ್ರತಿ ಸಲ ಹೂಂ ಅಂತೀನಿ, ಇನ್ನೂ ಹೋಗಿಲ್ಲ.

ಜನವರಿ ಆದ್ಮೇಲೆ ಗಾಡಿ ಮುಟ್ಟಿರಲಿಲ್ಲ. ಹೋದ ಸೀಸನ್‌ನ ಕೊನೇ ರೌಂಡ್ ಕೊಯಮತ್ತೂರಲ್ಲಿ ಮುಗಿಸಿ ತಂದು ಟಾರ್ಪಾಲ್ ಹೊದಿಸಿದ್ದು ಹೊದಿಸಿದ್ದೇ. ಜೂನ್ ಬಂತು, ಎಂಟ್ರಿ ಫೀಸ್ ಕಟ್ಟಾಯ್ತು, ಆಮೇಲ್ ಶುರು ಓಡಾಟ. ಲೈಸೆನ್ಸ್ ರಿನ್ಯೂವಲ್‌ಗೆ ಮೆಡಿಕಲ್, ಜೆಸಿ ರೋಡಲ್ಲಿ ಬ್ರೇಕ್ ಪ್ಯಾಡು ಚೈನು, ಕೂಲಂಟ್ ತೆಗೆದು ಬರೀ ಡಿಸ್ಟಿಲ್ಡ್ ವಾಟರ್ ತುಂಬೋದು (ಕೂಲಂಟ್ ಟ್ರ್ಯಾಕ್ ಮೇಲೆ ಚೆಲ್ಲಿದ್ರೆ ಸೋಪ್ ಥರ, ಹಿಂದೆ ಬರೋನ್ ಗತಿ ಅಷ್ಟೇ), ಆಯಿಲ್ ಬೋಲ್ಟಿಗೆಲ್ಲಾ ಕಳಚದಂಗೆ ಲಾಕ್ ವೈರು ಕಟ್ಟೋದು. ಈ ಕೆಲಸಗಳನ್ನ ನನ್ ಜೊತೆ ಮಾಡೋದು ಭಾಯ್. ಹೆಸರು ಬೇಡ, ಅವರಿಗೆ ಇಷ್ಟ ಆಗಲ್ಲ. ವಯಸ್ಸು ಅರವತ್ತರ ಮೇಲೆ, ಚೆನ್ನೈ ರೇಸ್ ಷೋಲಾವರಂ ಏರ್‌ಸ್ಟ್ರಿಪ್ಪಲ್ಲಿ ನಡೀತಿದ್ದ ಕಾಲದಿಂದ ಹೋಗ್ತಿರೋರು, ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿಗಳನ್ನ ಬಿಚ್ಚಿ ಬಿಚ್ಚಿ ಕಲಿತೋರು. ಲ್ಯಾಪ್‌ಟಾಪ್ ಅಂದ್ರೆ ಅಲರ್ಜಿ, ಕಿವಿ ಮಾತ್ರ ಭಯಂಕರ.

ಗುರುವಾರ ರಾತ್ರಿ ಟಾಟಾ ಏಸಲ್ಲಿ ಗಾಡಿ ಕಟ್ಕೊಂಡು ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಬೆಳಗಿನ ಜಾವ ಟ್ರ್ಯಾಕಿನ ಪ್ಯಾಡಕ್ (ಟೆಂಟ್ ಹಾಕಿ ಗಾಡಿ ರೆಡಿ ಮಾಡೋ ಜಾಗ) ಸೇರಿದ್ವಿ. ನಿದ್ದೆ ಎರಡು ಗಂಟೆ. ಇದೇ ಮೊದಲನೇ ತಪ್ಪು ಅಂತ ಈಗ ಗೊತ್ತು, ಆದ್ರೆ ಗುರುವಾರಾನೂ ರಜಾ ಕೊಡೋ ಮ್ಯಾನೇಜರ್ ಯಾರಿಗ್ ಸಿಗ್ತಾನೆ ಹೇಳಿ.

ಶುಕ್ರವಾರ ನಮ್ಮ ಕ್ಲಾಸಿಗೆ 15 ನಿಮಿಷದ ಮೂರು ಸೆಷನ್. ಲೆಕ್ಕ ಹಾಕಿ, ಹೊರಗ್ ಹೋಗೋ ಲ್ಯಾಪು ಒಳಗ್ ಬರೋ ಲ್ಯಾಪು ಕಳೆದ್ರೆ ಜೋರಾಗಿ ಓಡ್ಸೋಕೆ ಸಿಗೋದು ಸೆಷನ್‌ಗೆ ನಾಲ್ಕೈದು ಲ್ಯಾಪ್. ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿಯೋರು ಫೆಬ್ರವರೀಲಿ ಮಲೇಷ್ಯಾದ ಸೆಪಾಂಗಿಗೆ ಹೋಗಿ ದಿನಗಟ್ಟಲೆ ಟೆಸ್ಟ್ ಮಾಡಿ ಆಮೇಲೆ ಸೀಸನ್ ಶುರು ಮಾಡ್ತಾರೆ, ರೇಸ್ ವೀಕೆಂಡಲ್ಲೂ ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಉದ್ದದ ಪ್ರಾಕ್ಟೀಸ್ ಸಿಗುತ್ತೆ. ನಮಗೆ ಇಡೀ ಸೀಸನ್‌ನ ತುಕ್ಕು ಬಿಡಿಸ್ಕೊಳ್ಳೋಕೆ ಹದಿನೈದು ಲ್ಯಾಪು.

ಮೊದಲ ಸೆಷನ್ ಹೇಗಿತ್ತು ಅಂದ್ರೆ, ಓಡಿಸ್ತಿರುವಾಗ ಚೆನ್ನಾಗೇ ಓಡಿಸ್ತಿದೀನಿ ಅನ್ನಿಸ್ತಿತ್ತು! ಮೊಣಕಾಲು ನೆಲಕ್ಕೆ ತಾಗ್ತಿತ್ತು, ಗಾಳಿ ಶಬ್ದ, ಎದೆ ಬಡಿತ, ಎಲ್ಲಾ ಇತ್ತು. ಒಂದೇ ಒಂದು ಕಿರಿಕಿರಿ, ಮೇನ್ ಸ್ಟ್ರೈಟ್ ಮುಗಿಯೋಕೆ ತುಂಬಾ ಮುಂಚೇನೇ ಆರನೇ ಗೇರಲ್ಲಿ ರೆವ್ ಲಿಮಿಟರ್ (ಇಂಜಿನ್ ಅತಿಯಾಗಿ ತಿರುಗದಂಗೆ ತಡೆಯೋದು) ಹೊಡೀತಿತ್ತು, ಡರ್ರ್ ಅಂತ ಗಾಡಿ ಅಲ್ಲೇ ನಿಂತಂಗೆ. ಒಳಗ್ ಬಂದು ಶೀಟ್ ನೋಡಿ 19.6 ಅಂತ ಗೊತ್ತಾದ ತಕ್ಷಣ ಆ ಡರ್ರ್ ಮೇಲೆ ಎಲ್ಲಾ ಹೊರಿಸಿಬಿಟ್ಟೆ. ಅದು ಸುಳ್ಳೂ ಅಲ್ಲ. ಗಾಡೀಲಿ ಕೊಯಮತ್ತೂರಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಹಾಗೇ ಇತ್ತು. ಕರಿ ಸ್ಪೀಡ್‌ವೇ ಚಿಕ್ಕದು, ಅಲ್ಲಿ ಎಳೆತ ಬೇಕು ಅಂತ ಹಿಂದಿನ ಸ್ಪ್ರಾಕೆಟ್‌ಗೆ ಹಲ್ಲು ಜಾಸ್ತಿ ಇಟ್ಟಿದ್ವಿ, ಹಲ್ಲು ಜಾಸ್ತಿ ಆದ್ರೆ ಎಳೆತ ಜಾಸ್ತಿ, ಟಾಪ್ ಸ್ಪೀಡ್ ಕಮ್ಮಿ, ಅದನ್ನ ಇಲ್ಲಿಗೆ ಬದಲಾಯಿಸೋದನ್ನ ಮರೆತಿದ್ದೆ. ಐದು ತಿಂಗಳಲ್ಲಿ ಒಂದ್ ಸಲಾನೂ ನೋಟ್‌ಬುಕ್ ತೆಗೆದಿರಲಿಲ್ಲ ನೋಡಿ.

ಎರಡನೇ ಸೆಷನ್‌ಗೆ ಮುಂಚೆ ನಾನು ಮಾಡಿದ್ದನ್ನ ಯಾರೂ ಮಾಡ್ಬೇಡಿ. ಹಿಂದಿನ ಸ್ಪ್ರಾಕೆಟ್ ಎರಡು ಹಲ್ಲು ಕಮ್ಮಿದು ಹಾಕಿದ್ವಿ, ಸರಿ. ಅಲ್ಲಿಗ್ ನಿಲ್ಲಿಸ್ಬೇಕಿತ್ತು. ಪಕ್ಕದ ಟೆಂಟಿನೋನು ಏನೋ ಅಂದ ಅಂತ ಹಿಂದಿನ ಟೈರಿನ ಗಾಳಿ ಇಳಿಸ್ದೆ, ಬ್ರೇಕ್ ಹಿಡಿದಾಗ ಮುಂದೆ ಕುಸಿಯೋದು (ಡೈವ್) ಜಾಸ್ತಿ ಆಗ್ತಿದೆ ಅನ್ನಿಸ್ತು ಅಂತ ಫೋರ್ಕ್, ಅಂದ್ರೆ ಮುಂದಿನ ಸಸ್ಪೆನ್ಷನ್, ಗಟ್ಟಿ ಮಾಡಿಸ್ದೆ, ಅದೂ ಸಾಲ್ದು ಅಂತ ಕ್ಲಿಪ್ಆನ್ ಹ್ಯಾಂಡಲ್ ಕೋನಾನೂ ಒಂಚೂರು ತಿರುಗಿಸ್ದೆ. ಭಾಯ್ ಒಂದು ಮಾತೂ ಆಡ್ದೆ ಹೇಳಿದ್ದೆಲ್ಲಾ ಮಾಡ್ಕೊಟ್ರು, ಅವರು ಸುಮ್ನಿದಾರೆ ಅಂದ್ರೆ ಬೈಯೋಕೆ ಟೈಮ್ ನೋಡ್ತಿದಾರೆ ಅಂತ ಅರ್ಥ.

ಮಧ್ಯಾಹ್ನದ ಬಿಸಿಲು, ಲೆದರ್ ಸೂಟೊಳಗೆ ಇಡ್ಲಿ ಬೆಂದಂಗೆ ಬೇಯ್ತಿದ್ದೆ. 2023ರಲ್ಲಿ ನೋಯ್ಡಾ ಹತ್ರ ಬುದ್ಧ್ ಸರ್ಕ್ಯೂಟಲ್ಲಿ ಮೋಟೋಜಿಪಿ ಆದಾಗ ಎರಡನೇ ಬಂದ ಹೋರ್ಹೆ ಮಾರ್ಟಿನ್ ರೇಸ್ ಮುಗಿದ ಕೂಡ್ಲೆ ನೀರಿನಂಶ ಕಮ್ಮಿಯಾಗಿ ಕುಸಿದಿದ್ದು ನೆನಪಿರಬಹುದು, ಅಂಥೋರಿಗೇ ಹಂಗಾದ್ರೆ ವಾರಪೂರ್ತಿ ಏಸೀಲಿ ಕೂರೋ ನನ್ ಕಥೆ ಕೇಳ್ಬೇಡಿ. ಮೂರನೇ ಲ್ಯಾಪಲ್ಲಿ ಸ್ಟ್ರೈಟ್ ಚೆನ್ನಾಗೇ ಬಂತು, ಸ್ಪ್ರಾಕೆಟ್ ಕೆಲಸ ಮಾಡ್ತಿದೆ, ಲಿಮಿಟರ್ ಇಲ್ಲ, ಖುಷೀಲಿ ಈ ಸಲ ಲೇಟಾಗಿ ಬ್ರೇಕ್ ಹಿಡೀತೀನಿ ಅಂತ ಸಿ1ಗೆ ನುಗ್ಗಿದೆ, ಮುಂದುಗಡೆ ಗಾಡಿ ಹೊಸಬನ ಥರ ವರ್ತಿಸ್ತು, ಗಾಬರಿಯಾಗಿ ನೆಟ್ಟಗ್ ಮಾಡ್ದೆ, ಹೊರಗಡೆ ಮಣ್ಣಿಗೆ ಹೋದೆ. ಬೀಳಲಿಲ್ಲ, ದೇವ್ರು ದೊಡ್ಡೋನು. ಆದ್ರೆ ರೇಡಿಯೇಟರ್ ತುಂಬಾ ಮಣ್ಣು, ಸೆಷನ್ ಮುಗೀತು. ಬೆಸ್ಟ್ ಲ್ಯಾಪ್ 2 ನಿಮಿಷ 20.8. ಮೊದಲಿಗಿಂತಾನೂ ನಿಧಾನ. ಮುಂಭಾಗ ಹಂಗಾಡಿದ್ದು ಫೋರ್ಕಿಂದಾನಾ, ಹ್ಯಾಂಡಲಿಂದಾನಾ, ನನ್ನಿಂದಾನಾ? ಒಟ್ಟಿಗೆ ನಾಲ್ಕು ಬದಲಾಯಿಸಿದ್ಮೇಲೆ ಯಾರನ್ನ ಕೇಳೋದು.

ಆಗ ಭಾಯ್ ಬಾಯಿ ಬಿಟ್ರು. ಎರಡನೇ ಸೆಷನ್ ಪೂರ್ತಿ ಅವರು ಪಿಟ್ಟಲ್ಲಿರಲಿಲ್ಲ, ಸಿ1 ಕಡೆ ಬೇಲಿ ಹತ್ರ ಹೋಗಿ ಟವೆಲ್ ತಲೆ ಮೇಲೆ ಹಾಕ್ಕೊಂಡು ನಿಂತಿದ್ರಂತೆ. ನೋಡೋಕಲ್ಲ, ಕೇಳೋಕೆ.

"ಮಗಾ, ಅಲ್ಲೇನು ಸಿಗ್ನಲ್ ಐತಾ?" ಅಂದ್ರು.

"ಎಲ್ಲಿ ಭಾಯ್?"

"ಸ್ಟ್ರೈಟ್ ಕೊನೇಲಿ. ಬೇರೆ ಹುಡುಗ್ರು ಬರೋದು ಊಂಂಂ... ಟಡ್ ಟಡ್. ನೀನ್ ಬರೋದು ಊಂಂ... ಆಮೇಲ್ ಸೈಲೆಂಟು... ಆಮೇಲ್ ಟಡ್ ಟಡ್. ಮಧ್ಯ ಏನ್ ಮಾಡ್ತೀಯ, ಚಾ ಕುಡೀತೀಯ?"

ನಾನು ಇಲ್ಲ ಭಾಯ್, ನೂರೈವತ್ತು ಮೀಟರ್ ಬೋರ್ಡ್ ಆದ್ಮೇಲೇ ಬ್ರೇಕ್ ಹಿಡಿಯೋದು, ಹೋದ ವರ್ಷಾನೂ ಅಲ್ಲೇ ಅಂತ ವಾದ ಮಾಡ್ದೆ. ಅವರು, "ಬ್ರೇಕ್ ಅಲ್ಲೇ ಹಿಡೀತೀಯಪ್ಪಾ, ನಾನೂ ನೋಡ್ದೆ. ರೇಸ್ ಎಲ್ಲಿ ಬಿಡ್ತೀಯ ಅದು ಹೇಳು" ಅಂದ್ರು. ನನ್ ಹತ್ರ ಉತ್ತರ ಇರಲಿಲ್ಲ. ನಿಜವಾಗ್ಲೂ ಗೊತ್ತಿರಲಿಲ್ಲ, ಬ್ರೇಕ್ ಹಿಡಿಯೋ ಜಾಗ ತಲೇಲಿತ್ತು, ಥ್ರಾಟಲ್ ಮುಚ್ಚೋ ಜಾಗ ತಲೇಲೇ ಇರಲಿಲ್ಲ, ಅದು ಕೈ ತಾನಾಗೇ ಮಾಡ್ತಿತ್ತು. ಐದು ತಿಂಗಳು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸ್ಕೂಟರ್ ಓಡ್ಸಿ ಓಡ್ಸಿ ಕೈಗೆ ಬಂದಿದ್ದ ಬುದ್ಧಿ ಅದು, ಮುಂದೆ ಏನೋ ಇದೆ ಅಂದ್ರೆ ಮೊದ್ಲು ಆಕ್ಸಿಲರೇಟರ್ ಬಿಡು, ಆಮೇಲ್ ಯೋಚ್ನೆ ಮಾಡು.

ಅವರು ಚಪ್ಪಾಳೆ ತಟ್ಟಿ ಆ ಸೈಲೆಂಟು ಎಷ್ಟುದ್ದ ಅಂತ ತೋರಿಸಿದ್ರು, ಹತ್ರತ್ರ ಒಂದು ಸೆಕೆಂಡ್. ಗಂಟೆಗೆ 150ರಲ್ಲಿ ಒಂದು ಸೆಕೆಂಡ್ ಅಂದ್ರೆ ಸುಮಾರು 42 ಮೀಟರ್. ಅಷ್ಟು ದೂರ ನಾನು ಗ್ಯಾಸೂ ಕೊಡ್ದೆ ಬ್ರೇಕೂ ಹಿಡೀದೆ ಸುಮ್ನೆ ತೇಲ್ಕೊಂಡ್ ಹೋಗ್ತಿದ್ದೆ. ಇದು ಒಂದು ಸಿ1ದ್ದಷ್ಟೇ ಅಲ್ಲ, ಬ್ರೇಕ್ ಹಿಡಿಯೋ ಪ್ರತಿ ಕಾರ್ನರಲ್ಲೂ ಚಿಕ್ಕದಾಗೋ ದೊಡ್ಡದಾಗೋ ಇದೇ ಕಥೆ. ತೇಲಿದ ಟೈಮೆಲ್ಲಾ ಕಳ್ಕೊಂಡ ಟೈಮ್ ಅಲ್ಲ, ಗಾಡಿ ಮುಂದೆ ಹೋಗ್ತಾನೇ ಇರುತ್ತೆ, ಆದ್ರೆ ಇಷ್ಟು ಕಮ್ಮಿ ಪವರ್ ಗಾಡೀಲಿ ಒಂದ್ ಸಲ ಬಿಟ್ಟ ಸ್ಪೀಡ್ ವಾಪಸ್ ಬರೋಕೆ ಯುಗ ಆಗುತ್ತೆ. ಲೀಟರ್ ಬೈಕಾದ್ರೆ (1000 ಸಿಸಿ) ಥ್ರಾಟಲ್ ತಿರುವಿ ಮರೆಸ್ಬಹುದು, 155 ಸಿಸಿಲಿ ಆಗಲ್ಲ. ನನ್ ಮಟ್ಟಿಗೆ ಚಿಕ್ಕ ಗಾಡಿಗಳು ಮೋಸ ಮಾಡೋಕೆ ಬಿಡಲ್ಲ, ಅದಕ್ಕೇ ನೇರವಾಗಿ ದೊಡ್ಡ ಗಾಡಿಗೆ ಹೋಗ್ತೀನಿ ಅನ್ನೋ ಹುಡುಗ್ರನ್ನ ಕಂಡ್ರೆ ನನಗ್ ಸ್ವಲ್ಪ ಉರಿ.

ಮೂರನೇ ಸೆಷನ್‌ಗೆ ಮೊದಲು ಫೋರ್ಕು, ಹ್ಯಾಂಡಲು, ಗಾಳಿ ಮೂರೂ ಬೆಳಿಗ್ಗೆ ಇದ್ದಲ್ಲಿಗೆ ವಾಪಸ್. ಸ್ಪ್ರಾಕೆಟ್ ಮಾತ್ರ ಹೊಸದು ಉಳೀತು. ಭಾಯ್ ಷರತ್ತು ಏನಂದ್ರೆ ಬ್ರೇಕ್ ಹಿಡಿಯೋ ಜಾಗ ಒಂದಡಿನೂ ಮುಂದೆ ತಗೊಂಡ್ ಹೋಗ್ಬಾರ್ದು, ಲೇಟ್ ಬ್ರೇಕಿಂಗ್ ಹೀರೋಗಿರಿ ಬೇಡ, ಥ್ರಾಟಲ್ ಮುಚ್ಚೋದನ್ನ ಮಾತ್ರ ಬ್ರೇಕ್ ಇರೋ ಜಾಗಕ್ಕೆ ತಳ್ಳು ಅಷ್ಟೇ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ. ಮಾಡೋಕ್ ಹೋದ್ರೆ ಕೈ ಕೇಳಲ್ಲ. ಬೋರ್ಡ್ ಕಣ್ಣಿಗ್ ಬಿದ್ದ ತಕ್ಷಣ ಬಲಗೈ ಮಣಿಕಟ್ಟು ತಾನೇ ಸಡಿಲ ಆಗುತ್ತೆ, ಜೊತೆಗೆ ಉಸಿರು ಕಟ್ಟುತ್ತೆ, ಅದನ್ನೂ ಆವತ್ತೇ ಗಮನಿಸಿದ್ದು. ಅದಕ್ಕೆ ಹೆಲ್ಮೆಟ್ ಒಳಗೆ ಜೋರಾಗಿ ಕಿರ್ಚೋಕ್ ಶುರು ಮಾಡ್ದೆ, ಇನ್ನೂ ಇಲ್ಲ, ಇನ್ನೂ ಇಲ್ಲ, ಇನ್ನೂ ಇಲ್ಲ, ಈಗ! ಕಿರುಚಬೇಕು ಅಂದ್ರೆ ಉಸಿರು ಬಿಡಲೇಬೇಕು, ಬಾಯಿ ಈಗ ಅನ್ನೋವರೆಗೂ ಕೈ ಕಾಯುತ್ತೆ. ಯಾರಾದ್ರೂ ಕೇಳಿಸ್ಕೊಂಡಿದ್ರೆ ನಿಮ್ಹಾನ್ಸ್‌ಗೆ ಸೇರಿಸ್ತಿದ್ರು.

ಮೊದಲೆರಡು ಲ್ಯಾಪ್ ಸಿ1 ಒಂದರಲ್ಲೇ ಪ್ರಯತ್ನ ಮಾಡ್ದೆ, ಉಳಿದ ಕಡೆ ಹಳೇ ಥರಾನೇ ಬಿಟ್ಟೆ. ಸ್ಟ್ರೈಟ್ ಪೂರ್ತಿ ಬಂದ ಸ್ಪೀಡಲ್ಲಿ ಬಲಕ್ಕೆ ಬೀಳ್ಬೇಕಲ್ಲ, ನನ್ನಂಥೋನಿಗೆ ಅಲ್ಲಿ ಧೈರ್ಯ ಬಂದ್ರೆ ಬೇರೆ ಕಡೆ ತಾನಾಗೇ ಬರುತ್ತೆ. ಮೂರನೇ ಲ್ಯಾಪಿಂದ ಹಿಂದಿನ ಭಾಗದ ಕಾರ್ನರ್‌ಗಳಿಗೂ ಅದೇ ಕೂಗು. ಪಿಟ್ ವಾಲಲ್ಲಿ ತಮ್ಮ (ಚಿಕ್ಕಪ್ಪನ ಮಗ) ಹಿಡಿದ ಬೋರ್ಡಲ್ಲಿ 18 ಅಂತಿತ್ತು, ಆಮೇಲೆ 17, ಕೊನೇ ಲ್ಯಾಪಲ್ಲಿ 16. ಶೀಟಲ್ಲಿ 2 ನಿಮಿಷ 16.0, ಹದಿಮೂರನೇ ಜಾಗ. ತಮಾಷೆ ಏನಂದ್ರೆ ಓಡಿಸುವಾಗ ಬೆಳಿಗ್ಗೆಯಷ್ಟು ಜೋರಾಗಿ ಹೋಗ್ತಿದೀನಿ ಅಂತ ಒಂದ್ ಸಲಾನೂ ಅನ್ನಿಸ್ಲಿಲ್ಲ.

ಸಂಜೆ ಟೆಂಟಲ್ಲಿ ಮಜ್ಜಿಗೆ ಕುಡ್ಕೊಂಡು ನೋಟ್‌ಬುಕ್ಕಲ್ಲಿ ಟ್ರ್ಯಾಕ್ ಚಿತ್ರ ಬರ್ದು, ಪ್ರತಿ ಕಾರ್ನರ್ ಪಕ್ಕ ಎರಡು ಗೆರೆ ಹಾಕ್ದೆ, ರೇಸ್ ಬಿಡೋ ಜಾಗ ಒಂದು, ಬ್ರೇಕ್ ಹಿಡಿಯೋ ಜಾಗ ಒಂದು. ಎಲ್ಲಿ ಎರಡು ಗೆರೆ ಮಧ್ಯೆ ಬಿಳಿ ಜಾಗ ಇನ್ನೂ ಕಾಣ್ತಿದ್ಯೋ ಅಲ್ಲಿ ನಾಳೆ ಕೆಲಸ ಇದೆ. ಮೂರು ಕಾರ್ನರಲ್ಲಿ ನನಗೆ ಗೆರೆ ಎಲ್ಲಿ ಹಾಕ್ಬೇಕು ಅಂತಾನೇ ಗೊತ್ತಾಗ್ಲಿಲ್ಲ, ಅಂದ್ರೆ ಅಲ್ಲಿ ನಾನು ಕಣ್ಮುಚ್ಕೊಂಡು ಓಡಿಸ್ತಿದೀನಿ ಅಂತ ಅರ್ಥ. ಈಗ ಪ್ರತಿ ಸೆಷನ್ ಆದ್ಮೇಲೆ, ಹೆಲ್ಮೆಟ್ ತೆಗೆದ ಐದು ನಿಮಿಷದೊಳಗೆ, ಶೀಟ್ ನೋಡೋಕೂ ಮುಂಚೆ ಈ ಚಿತ್ರ ಬರೀತೀನಿ. ಶೀಟ್ ನೋಡಿದ್ಮೇಲೆ ಬರೆದ್ರೆ ಮನಸ್ಸು ನೆಪ ಹುಡ್ಕೋಕ್ ಶುರು ಮಾಡುತ್ತೆ.

ಶನಿವಾರ ಕ್ವಾಲಿಫೈಯಿಂಗಲ್ಲಿ 2 ನಿಮಿಷ 14.2 ಬಂತು, ಹೋದ ವರ್ಷದ ನನ್ನ ಬೆಸ್ಟಿಗಿಂತ ಮುಕ್ಕಾಲು ಸೆಕೆಂಡಿನ ಮೇಲೆ ಜೋರು, ಗ್ರಿಡ್‌ನಲ್ಲಿ (ರೇಸ್ ಶುರುವಿಗೆ ನಿಲ್ಲೋ ಸಾಲಲ್ಲಿ) ಹನ್ನೊಂದನೇ ಜಾಗ. ಒಳಗ್ ಬಂದೋನು ಹೆಲ್ಮೆಟ್ ಕೂಡ ಬಿಚ್ಚದೆ ಭಾಯ್ ಕೈ ಹಿಡ್ಕೊಂಡೆ. ಅವರು ನನ್ ಮುಖ ನೋಡ್ಲಿಲ್ಲ, ಹಿಂದಿನ ಚಕ್ರ ನೋಡ್ತಿದ್ರು. "ಸ್ಟ್ರೈಟಲ್ಲಿ ಮತ್ತೆ ಡರ್ರ್ ಅಂತೈತಲ್ಲ ಮಗಾ" ಅಂದ್ರು. ಹೌದು, ಅಂತಿತ್ತು, ಸ್ಟ್ರೈಟಿಗೆ ಮುಂಚಿನ ಕಾರ್ನರಿಂದ ಈಗ ಜೋರಾಗಿ ಹೊರಗ್ ಬರ್ತಿದ್ನಲ್ಲ, ಬೋರ್ಡ್ ಬರೋ ಮುಂಚೇನೇ ಲಿಮಿಟರ್ ಮುಟ್ತಿತ್ತು. ಇನ್ನೂ ಒಂದು ಹಲ್ಲು ಕಮ್ಮಿ ಮಾಡಿದ್ರೆ ಸರಿಹೋಗುತ್ತೆ ಅಂದ್ರು ಭಾಯ್. ಆ ಸ್ಪ್ರಾಕೆಟ್ ನನ್ ಹತ್ರ ಇತ್ತು, ಹೊಸದೇ, ಪ್ಯಾಕೆಟ್ ಕೂಡ ಒಡೆದಿರಲಿಲ್ಲ. ಬೆಂಗಳೂರಲ್ಲಿ, ಮನೇಲಿ, ಶೂ ರ್ಯಾಕ್ ಮೇಲೆ.