ಪೊಲೀಸ್ ಕೆಲಸಕ್ಕೆ ನಾನು ರೆಡಿಯಾಗಿದ್ದು: ಓಟಕ್ಕಿಂತ ಜಾಸ್ತಿ ಕೈ ಹಿಡಿದಿದ್ದು ಒಂದು ನೋಟ್‌ಬುಕ್

ಪೊಲೀಸ್ ಕೆಲಸಕ್ಕೆ ಸೇರಿ 11 ವರ್ಷ ಆಯ್ತು. ಸೇರ್ಬೇಕು ಅನ್ನೋ ಹುಡುಗ್ರು ಹುಡುಗೀರು ಸಿಕ್ಕಾಗೆಲ್ಲ ಮೊದ್ಲು ಕೇಳೋದು ಒಂದೇ, "ಸರ್, ಎಷ್ಟು ನಿಮಿಷಕ್ಕೆ ಓಡಿದ್ರಿ?" ತಪ್ಪೇನಿಲ್ಲ ಬಿಡಿ, 17ನೇ ವಯಸ್ಸಲ್ಲಿ ನಾನೂ ಅದನ್ನೇ ಕೇಳ್ಕೊಂಡು ಓಡಾಡ್ತಿದ್ದೆ. ಸರಿ, ಓಟದ್ದು ಮೊದ್ಲು ಹೇಳಿ ಮುಗಿಸ್ಬಿಡ್ತೀನಿ.

ಶುರು ಮಾಡಿದ ಮೊದಲನೇ ವಾರವೇ ದಿನಾ 8 ಕಿಲೋಮೀಟರ್ ಓಡ್ದೆ, ಅದೂ ಗಟ್ಟಿ ರಸ್ತೆ ಮೇಲೆ, ಅಟ್ಟೆ ಸವೆದುಹೋದ ಹಳೇ ಶೂ ಹಾಕ್ಕೊಂಡು. ಮೂರನೇ ವಾರಕ್ಕೆ ಮೊಣಕಾಲಿನ ಕೆಳಗಡೆ ಮುಂಗಾಲಿನ ಮೂಳೆ ಉದ್ದಕ್ಕೂ ನೋವು ಶುರುವಾಯ್ತು, ಮೆಟ್ಟಿಲು ಇಳಿಯೋಕೂ ಆಗ್ತಿರ್ಲಿಲ್ಲ. ಡಾಕ್ಟರ್ ನೋಡಿ ಶಿನ್ ಸ್ಪ್ಲಿಂಟ್ಸ್ (ಅತಿಯಾಗಿ ಓಡಿದ್ರೆ ಆ ಮೂಳೆಗೆ ಬರೋ ನೋವು) ಅಂದ್ರು, ಒಂದೂವರೆ ತಿಂಗಳು ಓಟ ಬಂದ್. ಆಮೇಲೆ ವಾರಕ್ಕೆ ಮೂರೇ ದಿನ, ಮಾತಾಡ್ಕೊಂಡು ಓಡೋವಷ್ಟು ನಿಧಾನ, ದೂರ ಏರಿಸೋದು ಸ್ವಲ್ಪ ಸ್ವಲ್ಪವೇ. ಇನ್ನೊಂದು ವಿಷ್ಯ, ಎಷ್ಟೋ ಕಡೆ ಉದ್ದಕ್ಕೆ ಓಡಿಸಲ್ಲ, ಬೀಪ್ ಟೆಸ್ಟ್ ಮಾಡಿಸ್ತಾರೆ. 20 ಮೀಟರ್ ದೂರದ ಎರಡು ಗೆರೆ ಮಧ್ಯೆ ಬೀಪ್ ಶಬ್ದಕ್ಕೆ ಸರಿಯಾಗಿ ಹೋಗಿ ಬಂದು ಮಾಡ್ಬೇಕು, ಶುರುವಲ್ಲಿ ಗಂಟೆಗೆ 8.5 ಕಿಲೋಮೀಟರ್ ವೇಗ, ಆಮೇಲೆ ಪ್ರತಿ ಲೆವೆಲ್‌ಗೂ ಅರ್ಧ ಅರ್ಧ ಏರುತ್ತೆ. ಇಲ್ಲಿ ಉಸಿರಿಗಿಂತ ಮುಂಚೆ ಕೈ ಕೊಡೋದು ತಿರುಗೋ ಜಾಗ. ನಾನು ಅಲ್ಲಿವರೆಗೂ ನೆಟ್ಟಗೆ ಓಡಿ ಅಭ್ಯಾಸ ಇದ್ದವನು, ಮೊದಲನೇ ಸಲ ಗೆರೆ ದಾಟಿ ಗೂಳಿ ಥರ ನುಗ್ಗಿ ನಿಲ್ಲಿಸೋಕೆ ಆಗದೆ ಬಿದ್ದೆ. ನಿಮ್ಮ ಇಲಾಖೆ ಯಾವ ಟೆಸ್ಟ್ ಮಾಡುತ್ತೆ ಅಂತ ಅಧಿಕೃತ ಪ್ರಕಟಣೆ ನೋಡ್ಕೊಂಡು ಅದನ್ನೇ ಪ್ರಾಕ್ಟೀಸ್ ಮಾಡಿ, ಯಾರೋ ಹೇಳಿದ್ದನ್ನಲ್ಲ.

ಈಗ ನೋಟ್‌ಬುಕ್ ಕಥೆ. ನನಗೆ ಪರಿಚಯದ ಒಬ್ರು ರಿಟೈರ್ಡ್ ಪೊಲೀಸ್ ಅಧಿಕಾರಿ ಇದ್ರು. ಕಾಲು ಸರಿಹೋಗಿ ಟೈಮಿಂಗ್ ಚೆನ್ನಾಗಿ ಬರ್ತಿದೆ ಅನ್ನೋ ಜಂಬದಲ್ಲಿ ಅವರ ಹತ್ರ ಹೋಗಿ ಕೊಚ್ಕೊತಾ ಕೂತಿದ್ದೆ. ಎಲ್ಲ ಕೇಳಿಸ್ಕೊಂಡು, "ಒಳಗೆ ಬರೋವಾಗ ಗೇಟ್ ಹತ್ರ ನಿಂತಿದ್ನಲ್ಲ, ಅವನು ಯಾವ ಬಣ್ಣದ ಶರ್ಟ್ ಹಾಕಿದ್ದ?" ಅಂದ್ರು. ನಾನು ಒಂದು ಕ್ಷಣ ಯೋಚ್ನೆ ಮಾಡಿ "ನೀಲಿ ಇರ್ಬೇಕು ಸರ್" ಅಂದೆ. "ಗೇಟ್ ಹತ್ರ ಯಾರೂ ಇರ್ಲಿಲ್ಲ ಕಣಯ್ಯ" ಅಂದ್ರು.

ನಾನು ಸುಳ್ಳು ಹೇಳ್ಬೇಕು ಅಂತ ಹೇಳಿರ್ಲಿಲ್ಲ, ನಿಜವಾಗ್ಲೂ ಕಣ್ಣ ಮುಂದೆ ನೀಲಿ ಶರ್ಟ್ ಬಂದಿತ್ತು. ಅದೇ ಭಯ ಆಗಿದ್ದು.

ಅವತ್ತು ಸಂಜೆಯೇ ಒಂದು ಪಾಕೆಟ್ ನೋಟ್‌ಬುಕ್ ತಗೊಂಡೆ. ದಿನಾ ಜನ ಓಡಾಡೋ ಜಾಗದಲ್ಲಿ ಐದು ನಿಮಿಷ ಸುಮ್ನೆ ನೋಡೋದು, ಆಮೇಲೆ ಬೆನ್ನು ತಿರುಗಿಸಿ ಕೂತು ಒಬ್ಬರ ಬಗ್ಗೆ ನೆನಪಿರೋದನ್ನ ತಲೆಯಿಂದ ಕಾಲಿನವರೆಗೂ ಬರೆಯೋದು, ಅಂದಾಜು ವಯಸ್ಸು, ಎತ್ತರ, ಮೈಕಟ್ಟು, ಕೂದಲು, ಬಟ್ಟೆ, ಚಪ್ಪಲಿನೋ ಶೂನೋ, ಕೈಯಲ್ಲಿ ಏನಿತ್ತು, ಯಾವ ಕಡೆ ಹೋದ್ರು, ಎಷ್ಟು ಗಂಟೆ. ಮೊದಮೊದ್ಲು ನಾಲ್ಕು ಸಾಲು ಬರೆದ್ರೆ ಅದ್ರಲ್ಲಿ ಎರಡು ತಪ್ಪು. ಎತ್ತರ ಅಂತೂ ಅರ್ಧ ಅಡಿ ಆಚೆ ಈಚೆ, ಅದಕ್ಕೆ ಒಂದು ಉಪಾಯ ಸಿಕ್ತು, ವ್ಯಕ್ತಿನ ಅಳೀಬಾರ್ದು, ಅವರು ಪಕ್ಕದಲ್ಲಿ ಹಾದುಹೋದ ಬಾಗಿಲು ಅಥವಾ ಕಂಬದಲ್ಲಿ ತಲೆ ಎಲ್ಲಿಗೆ ಬಂತು ಅಂತ ನೋಡ್ಕೊಂಡು ಆಮೇಲೆ ಹೋಗಿ ಆ ಬಾಗಿಲನ್ನ ಅಳೀಬೇಕು. ಮತ್ತೆ ಕಾಲು ನೋಡೋದು ಮರೀಬೇಡಿ, ಓಡಿಹೋಗೋನು ಜಾಕೆಟ್ ಬಿಚ್ಚಿ ಎಸೀತಾನೆ, ಶೂ ಬದಲಾಯಿಸೋಕೆ ಅವನಿಗೆ ಟೈಮ್ ಎಲ್ಲಿರುತ್ತೆ.

ಬರೆದದ್ದನ್ನ ವಾರಕ್ಕೊಮ್ಮೆ ಆ ರಿಟೈರ್ಡ್ ಅಧಿಕಾರಿಗೆ ತೋರಿಸ್ತಿದ್ದೆ, ಅವರು ಕೆಂಪು ಪೆನ್ನು ಹಿಡ್ಕೊಂಡು ಕೂರೋರು. ಒಂದ್ಸಲ "ಒಬ್ಬ ಕುಡಿದಿದ್ದ" ಅಂತ ಬರೆದಿದ್ದೆ, ಅದನ್ನ ಗೀಚಿ ಹಾಕಿ "ಇದು ನಿನ್ನ ತೀರ್ಪು, ನೀನು ನೋಡಿದ್ದೇನು?" ಅಂದ್ರು. ನೋಡಿದ್ದು ಅಂದ್ರೆ, ಗೋಡೆ ಹಿಡ್ಕೊಂಡು ನಿಂತಿದ್ದ, ಮಾತು ತೊದಲ್ತಿತ್ತು, ಎರಡು ಸಲ ಕಾಲು ಜಾರ್ತು. ಅಷ್ಟೇ. ಅವನು ಕುಡಿದಿರ್ಬಹುದು, ಶುಗರ್ ಕಮ್ಮಿಯಾಗಿ ಬೀಳೋ ಹಂತದಲ್ಲೂ ಇರ್ಬಹುದು, ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ಈ ಒಂದು ತಿದ್ದುಪಡಿ ಇವತ್ತಿಗೂ ನಾನು ಬರೆಯೋ ಪ್ರತಿ ರಿಪೋರ್ಟಲ್ಲೂ ಕೆಲಸ ಮಾಡ್ತಿದೆ, ಕೋರ್ಟಲ್ಲಿ ವಕೀಲರು ಮೊದ್ಲು ಹಿಡಿಯೋದೇ ಇಂಥ ಪದಗಳನ್ನ. (ಒಂದು ಎಚ್ಚರಿಕೆ: ಯಾರನ್ನೂ ದಿಟ್ಟಿಸಿ ನೋಡ್ಬೇಡಿ, ಹಿಂದೆ ಹೋಗ್ಬೇಡಿ. ನನ್ನನ್ನ ಒಬ್ರು ನಿಲ್ಲಿಸಿ ಏನ್ ಬರೀತಿದ್ದೀಯ ಅಂತ ಜೋರು ಮಾಡಿದ್ರು, ಪುಟ ಹರಿದು ಅವರ ಕೈಗೇ ಕೊಟ್ಟು ಕ್ಷಮೆ ಕೇಳಿ ಬಂದೆ.)

ಆ ನೀಲಿ ಶರ್ಟ್‌ಗೆ ಕಾರಣ ಗೊತ್ತಾಗಿದ್ದು ಟ್ರೇನಿಂಗಲ್ಲಿ. ಎಲಿಜಬೆತ್ ಲಾಫ್ಟಸ್ ಮತ್ತೆ ಜಾನ್ ಪಾಮರ್ ಅನ್ನೋ ಮನಃಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗ ಹೇಳಿಕೊಟ್ರು. ಕಾರುಗಳು ಗುದ್ದೋ ವಿಡಿಯೋ ತೋರಿಸಿ, ಕೆಲವರಿಗೆ ಕಾರುಗಳು ತಾಗಿದಾಗ ವೇಗ ಎಷ್ಟಿತ್ತು ಅಂತ, ಇನ್ನು ಕೆಲವರಿಗೆ ಅಪ್ಪಳಿಸಿದಾಗ ಎಷ್ಟಿತ್ತು ಅಂತ ಕೇಳಿದ್ರಂತೆ. ತಾಗಿದಾಗ ಅಂತ ಕೇಳಿಸ್ಕೊಂಡೋರ ಸರಾಸರಿ ಉತ್ತರ ಗಂಟೆಗೆ 31.8 ಮೈಲಿ, ಅಪ್ಪಳಿಸಿದಾಗ ಅಂತ ಕೇಳಿಸ್ಕೊಂಡೋರದ್ದು 40ಕ್ಕಿಂತ ಜಾಸ್ತಿ, ನೋಡಿದ್ದು ಮಾತ್ರ ಅದೇ ಡಿಕ್ಕಿ. ಅಂದ್ರೆ ಪ್ರಶ್ನೆಯ ಪದವೇ ಉತ್ತರನ ತಿರುಗಿಸ್ಬಿಟ್ಟಿತ್ತು, ನನ್ನ ನೀಲಿ ಶರ್ಟ್ ಥರಾನೇ. ಇಷ್ಟು ಪಾಠ ಆಗಿಯೂ ಮುಂದಿನ ವಾರ ಅಭ್ಯಾಸದ ಸಾಕ್ಷಿ ವಿಚಾರಣೇಲಿ ನಾನು ಕೇಳಿದ ಮೊದಲನೇ ಪ್ರಶ್ನೆ, "ಅವನ ಕೈಯಲ್ಲಿ ಚಾಕು ಇತ್ತಾ?" ಸಾಕ್ಷಿಯಾಗಿ ಕೂತಿದ್ದ ಆಯಮ್ಮ ಚಾಕು ಅಂತ ಬಾಯೇ ಬಿಟ್ಟಿರ್ಲಿಲ್ಲ. ಈಗ ನಾನು ಹೇಳಿಕೆ ತಗೊಳ್ಳೋವಾಗ "ಏನಾಯ್ತು, ನಿಮಗೆ ನೆನಪಿರೋ ಹಾಗೆ ಹೇಳಿ" ಅಂತ ಕೇಳಿ ಬಾಯಿ ಮುಚ್ಕೊಂಡು ಕೂರ್ತೀನಿ. ಕೂರೋದೇ ಕಷ್ಟ ನೋಡಿ, ಮೌನ ಇದ್ರೆ ತುಂಬಿಸೋಣ ಅನ್ಸುತ್ತೆ.

ಕಾನೂನು ಓದೋಕೆ ಹೋಗಿ ಸೆಕ್ಷನ್ ನಂಬರ್ ಬಾಯಿಪಾಠ ಮಾಡಿದ್ದೆ, ಕೆಲಸಕ್ಕೆ ಬರ್ಲಿಲ್ಲ. ಒಂದೊಂದು ಅಪರಾಧಕ್ಕೂ ಏನೇನು ಸೇರಿದ್ರೆ ಅದು ಅಪರಾಧ ಆಗುತ್ತೆ ಅಂತ ಬಿಡಿಸಿ ನೋಡೋದು ಕಲೀರಿ. ನಂದೇ ಅಂದ್ಕೊಂಡು ಬೇರೆಯೋರ ಛತ್ರಿ ಎತ್ಕೊಂಡು ಹೋದ್ರೆ ಅದು ಯಾಕೆ ಕಳ್ಳತನ ಅಲ್ಲ ಅಂತ ನಿಮ್ಮ ಮಾತಲ್ಲೇ ಹೇಳೋಕೆ ಬಂದ್ರೆ ಅರ್ಧ ಬಂದಂಗೆ. ಪ್ರಥಮ ಚಿಕಿತ್ಸೆ ಕೋರ್ಸ್ ಕೂಡ ಮುಂಚೇನೇ ಮಾಡ್ಕೊಳ್ಳಿ, ಸಿಪಿಆರ್‌ನಲ್ಲಿ (ಹೃದಯ ನಿಂತೋರಿಗೆ ಎದೆ ಒತ್ತಿ ಜೀವ ಉಳಿಸೋ ವಿಧಾನ) ದೊಡ್ಡೋರಿಗೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು, ಓದೋಕೆ ಸುಲಭ, ಬೊಂಬೆ ಮೇಲೆ ಎರಡು ನಿಮಿಷ ಮಾಡಿ ನೋಡಿ, ಕೈ ಬಿದ್ದೋಗುತ್ತೆ.

ಮತ್ತೆ ಕಣ್ಣು! ಎಲ್ಲಕ್ಕಿಂತ ಮುಂಚೆ ಇದನ್ನ ಟೆಸ್ಟ್ ಮಾಡಿಸಿ. ನನ್ನ ಜೊತೆ ಎರಡು ವರ್ಷ ಓಡಿದ ಗೆಳೆಯ, ನನಗಿಂತ ಫಿಟ್, ಮೆಡಿಕಲಲ್ಲಿ ಬಣ್ಣದ ಚುಕ್ಕಿಗಳ ಮಧ್ಯೆ ನಂಬರ್ ಹುಡುಕೋ ಇಶಿಹಾರಾ ಪುಸ್ತಕ ಮುಂದಿಟ್ಟಾಗ ಎಷ್ಟೋ ನಂಬರ್ ಸರಿಯಾಗಿ ಕಾಣ್ಲಿಲ್ಲ ಅವನಿಗೆ. ತನಗೆ ಕೆಂಪು ಹಸಿರು ಸರಿಯಾಗಿ ಗೊತ್ತಾಗಲ್ಲ ಅಂತ ಅವತ್ತೇ ಅವನಿಗೆ ಗೊತ್ತಾಗಿದ್ದು. ಹತ್ತು ನಿಮಿಷದಲ್ಲಿ ಎರಡು ವರ್ಷ ಹೋಯ್ತು.

ಕೊನೆಗೆ ಹಿನ್ನೆಲೆ ಪರಿಶೀಲನೆ ಫಾರ್ಮ್. ಹಿಂದೆ ಯಾವಾಗಾದ್ರೂ ಪೊಲೀಸರು ಹಿಡಿದಿದ್ದಾರಾ ಅಂತ ಒಂದು ಕಾಲಂ ಇತ್ತು. ಲೈಸೆನ್ಸ್ ಮಾಡಿಸೋಕೆ ಮುಂಚೆ ಚಿಕ್ಕಪ್ಪನ ಬೈಕ್ ಓಡಿಸಿ ಒಂದ್ಸಲ ಸಿಕ್ಕಾಕೊಂಡು ದಂಡ ಕಟ್ಟಿದ್ದೆ. ಗೆಳೆಯರೆಲ್ಲ ಬರೀಬೇಡ ಕಣೋ, ಯಾರು ನೋಡ್ತಾರೆ ಅಂದ್ರು. ಎರಡು ರಾತ್ರಿ ಒದ್ದಾಡಿ ಬರೆದೆ. ಬ್ಯಾಚಲ್ಲಿ ಇನ್ನೊಬ್ಬನ ಹೆಸ್ರು ಆಮೇಲೆ ಲಿಸ್ಟಿಂದ ಬಿದ್ದೋಯ್ತು, ಅವನು ಮುಚ್ಚಿಟ್ಟಿದ್ದು ನಂದಕ್ಕಿಂತ ಚಿಕ್ಕ ವಿಷ್ಯ, ಬಿದ್ದಿದ್ದು ಮುಚ್ಚಿಟ್ಟಿದ್ದಕ್ಕೆ.

ಸಂದರ್ಶನದಲ್ಲಿ ಸಮಾಜಸೇವೆ ಅಂತ ಬಾಯಿಪಾಠ ಮಾಡ್ಕೊಂಡು ಹೋಗಿದ್ದ ಭಾಷಣ ಅರ್ಧ ಆಗೋವಷ್ಟರಲ್ಲೇ ಮಧ್ಯದಲ್ಲಿ ಕೂತಿದ್ದ ಮೇಡಂ ಫಾರ್ಮ್ ತಿರುವಿ ಆ ಕಾಲಂ ಮೇಲೆ ಬೆರಳಿಟ್ರು.

"ಬೈಕ್ ಯಾರದ್ದು?"

"ಚಿಕ್ಕಪ್ಪಂದು ಮೇಡಂ."

"ಅವರನ್ನ ಕೇಳಿ ತಗೊಂಡಿದ್ರಾ?"

"ಇಲ್ಲ ಮೇಡಂ. ದಂಡ ಕಟ್ಟಿದ್ದು ಇವತ್ತಿಗೂ ಅವರಿಗೆ ಗೊತ್ತಿಲ್ಲ."

"ಪರಿಶೀಲನೆಗೆ ನಮ್ಮೋರು ಮನೆ ಹತ್ರ ಬರ್ತಾರೆ. ಅಷ್ಟರಲ್ಲಿ ಹೇಳ್ಬಿಡಿ" ಅಂದ್ರು, ನಗದೇನೆ. ಬಾಗಿಲು ದಾಟಿದ ತಕ್ಷಣ ಮೊದ್ಲು ಫೋನ್ ಮಾಡಿದ್ದು ಚಿಕ್ಕಪ್ಪಂಗೆ.