ಅಜ್ಜಿಯ ಚಂದ್ರಕಾಳಿ, ಹಿರಿಯರ ಹರಕೆ

ಮಗಳ ಮದುವೆ ಧಾರವಾಡದಲ್ಲಿ ನಿಶ್ಚಯವಾದಾಗ ಬೀಗರಲ್ಲಿ ನಾನು ಕೇಳಿಕೊಂಡದ್ದು ಒಂದೇ: ಹಿರಿಯರು ಹರಸುವುದಕ್ಕೆ ಹೊತ್ತು ಬೇಕು. ಈಗ ಅಕ್ಕಿಕಾಳು (ಅಕ್ಷತೆ) ಬಿದ್ದ ಕೂಡಲೇ ಅರ್ಧ ಜನ ಊಟದ ಪಂಕ್ತಿಗೆ, ಉಳಿದವರು ವೇದಿಕೆಯ ಸಾಲಿಗೆ. ಎಂಬತ್ತು ದಾಟಿದ ಮುದುಕಿ ಮೊಣಕಾಲು ನೋವಿನಲ್ಲಿ ಮೆಟ್ಟಿಲು ಹತ್ತಿ, ಫೋಟೊಕ್ಕೆ ನಿಂತು, ಒಂದು ಮಾತೂ ಆಡಲಾಗದೆ ಇಳಿದುಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮನೆತನದ ವಸ್ತುಗಳ ವಿಷಯದಲ್ಲೂ ನನ್ನದೊಂದು ಹಟವಿತ್ತು. ಅಜ್ಜಿಯ ಚಂದ್ರಕಾಳಿ ಸೀರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲಲ್ಲೇ ಪ್ರದರ್ಶಿಸೋಣ ಎಂದು ಮಗಳ ಗೆಳತಿಯರು ಹೇಳಿದರು. ನಾನು ಒಪ್ಪಲಿಲ್ಲ. ಅದು ಉಡುವ ಸೀರೆ. ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, 1956ಕ್ಕೂ ಮೊದಲು, ಅಜ್ಜಿಗೆ ಮದುವೆಯಲ್ಲಿ ಕೊಟ್ಟದ್ದು. ಕಪ್ಪು ರೇಷ್ಮೆಯ ಮೇಲೆ ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆಗಳ ಕಸೂತಿ. ಮಡಿಕೆಗಳಲ್ಲಿ ರೇಷ್ಮೆ ಪಿಸಿದಿತ್ತು. ಕಸೂತಿ ಬಲ್ಲ ಹೆಣ್ಣುಮಗಳೊಬ್ಬರು ಅದಕ್ಕೆ ಒಳಗಿನಿಂದ ತೆಳು ಹತ್ತಿಬಟ್ಟೆಯ ಆಸರೆ ಕೊಟ್ಟು, ಹರಿದ ಹೊಲಿಗೆಗಳನ್ನಷ್ಟೇ ಮತ್ತೆ ಹಾಕಿದರು. ಧಾರವಾಡದ ಈ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಅದರ ಗವಂತಿ, ಮುರಗಿ ಎಂಬ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಬಿಸಿಲು ಕಾಣದ ಒಳಬದಿಯಲ್ಲಿ ದಾರದ ಮೂಲ ಬಣ್ಣ ಉಳಿದಿತ್ತು. ಅದನ್ನು ನೋಡಿಯೇ ಅವರು ಹೊಸ ದಾರ ಆರಿಸಿದರು. ಇಂಥ ಸೀರೆ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅಂಚು ಕತ್ತರಿಸಿ ಕುಪ್ಪಸ ಹೊಲಿಸಬೇಡಿ.

ಅಕ್ಕಿಕಾಳಿನ ಹೊತ್ತಿಗೆ ಕಪ್ಪು ಬೇಡವೆಂದು ಕೆಲವರು ಅಂದರು. ಆಗ ಇಳಕಲ್ ಸೀರೆ ಉಡಿಸಿದೆವು. ಉಡಿ (ಮಡಿಲು) ತುಂಬುವಾಗ ಚಂದ್ರಕಾಳಿ. ಹಾವೇರಿಯ ಸೋದರಮಾವ ತನ್ನೂರಿನ ಏಲಕ್ಕಿ ಹಾರಗಳನ್ನು ಮುಂಚೆಯೇ ಹೇಳಿ ಮಾಡಿಸಿ ತಂದಿದ್ದ.

ಅಕ್ಕಿಕಾಳಿಗೆ ಬಂಧುಗಳ ಮನೆಮನೆಯಿಂದ ಒಂದೊಂದು ಹಿಡಿ ಅಕ್ಕಿ, ಇಲ್ಲವೇ ಹೊಲದ ಜೋಳ ತರಿಸಿದೆವು. ಹಿಂದಿನ ಸಂಜೆ ಹೆಂಗಸರು ಸೋಬಾನೆ ಹಾಡುತ್ತ ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಿ ಅರಿಷಿಣ ಹಚ್ಚಿದರು. ಹಿಂದೆ ಕುಳಿತವರು ಎಸೆಯುವ ಕಾಳು ಕಾಲಡಿಗೇ ಬೀಳುತ್ತದೆ. ಅವರಿಗೆ ಹೂವಿನ ಎಸಳು ಹಂಚಿದೆವು.

ನನಗೆ ಬಹಳ ಮುಖ್ಯವಾಗಿದ್ದದ್ದು ಬೇರೆ. ನನ್ನನ್ನು ಸಾಕಿದ ದೊಡ್ಡವ್ವ ವಿಧವೆ. ಉಡಿ ತುಂಬುವವರ ಸಾಲಿನಲ್ಲಿ ಅವರೇ ಮೊದಲು ನಿಲ್ಲಬೇಕು ಎಂದೆ. ಬೀಗರಲ್ಲಿ ಹಿರಿಯರೊಬ್ಬರು, "ಮುತ್ತೈದೆಯರೇ ತುಂಬಬೇಕಲ್ಲವೇ, ತಂಗಿ?" ಎಂದು ಮೆಲ್ಲಗೆ ಕೇಳಿದರು. ಜಗಳವಾಡದೆ ಮದುವೆ ಮಾಡಿಸುವ ಅಯ್ಯನವರ ಮುಂದೆ ವಿಷಯ ಇಟ್ಟೆ. "ಹೆತ್ತಷ್ಟೇ ಅಕ್ಕರೆಯಿಂದ ಸಾಕಿದವರು, ಅವರ ಕೈಯೇ ಮೊದಲಾಗಲಿ" ಎಂದರು ಅವರು. ದೊಡ್ಡವ್ವ ಮೊದಲು ಹಿಂಜರಿದರು. ಆಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಒಂದೊಂದಾಗಿ ಇಟ್ಟು, ಮೊಮ್ಮಗಳ ಗಲ್ಲ ಸವರಿ ನೆಟಿಕೆ ಮುರಿದರು. ಉಡಿ ಯಾರು ತುಂಬಬೇಕೆಂಬ ಮಾತನ್ನು ಮದುವೆಯ ದಿನದವರೆಗೆ ಬಿಡಬಾರದು. ಎರಡೂ ಮನೆಯವರು ಮೊದಲೇ ಕುಳಿತು ಮಾತಾಡಿಕೊಳ್ಳಬೇಕು.

ಹರಕೆಗೆ ವೇದಿಕೆ ಬಳಸಲಿಲ್ಲ. ಕಲ್ಯಾಣಮಂಟಪದ ಒಂದು ಬದಿಗೆ ನವಲಗುಂದದ ಜಮಖಾನ ಹಾಸಿ, ಕೆಳಗೆ ಕೂರಲಾಗದವರಿಗೆ ಕುರ್ಚಿ ಇಟ್ಟೆವು. ಮದುಮಕ್ಕಳೇ ಹಿರಿಯರ ಬಳಿ ಹೋಗಿ ಕಾಲಿಗೆರಗಿದರು. ಊಟ ಒಂದು ಕಡೆ ನಡೆದೇ ಇತ್ತು, ಹಾಗಾಗಿ ಯಾರಿಗೂ ಅವಸರವಿರಲಿಲ್ಲ. ಒಬ್ಬರು ವಚನ ಹೇಳಿದರು, ಇನ್ನೊಬ್ಬರು ತಾವು ಬರಗಾಲದ ವರ್ಷ ಮದುವೆಯಾದ ಕಥೆ ಹೇಳಿದರು, ಹಲವರು "ಚೆನ್ನಾಗಿರಿ" ಎಂದಷ್ಟೇ ಅಂದು ತಲೆ ನೇವರಿಸಿದರು. ಕೈಗೆ ಮೈಕ್ ಕೊಟ್ಟರೆ ಹಿರಿಯರು ತಡವರಿಸುತ್ತಾರೆ. ಪಕ್ಕದಲ್ಲಿ ಕುಳಿತ ತಮ್ಮನ ಮಗ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡ. ಪ್ರತಿಯೊಂದಕ್ಕೂ ಹರಸಿದವರ ಹೆಸರು, ಊರು ಸೇರಿಸಿ ಎರಡೂ ಮನೆಗೆ ಕಳಿಸಿದ್ದಾನೆ.