ಹಿತ್ತಲಿಗೆ ಗಿಡ ತರೋಕ್ಮುಂಚೆ ನೀರಿಗೊಂದು ದಾರಿ ಮಾಡಿದ್ವಿ

ಮೈಸೂರಲ್ಲಿ ನಮ್ಮನೆ ಹಿಂದ್ಗಡೆ 20 ಅಡಿಗೆ 12 ಅಡಿ ಜಾಗ ಇದೆ, ಹೆಸರಿಗೆ ಹಿತ್ತಲು, ಇದ್ದಿದ್ದು ಮಾತ್ರ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಒಡೆದ ಟೈಲ್ಸು, ತುಕ್ಕು ಹಿಡಿದ ಟ್ಯಾಂಕ್ ಸ್ಟ್ಯಾಂಡು, ಅದೆಲ್ಲದರ ಮಧ್ಯೆ ಸೊಂಟದೆತ್ತರ ಕಾಂಗ್ರೆಸ್ ಗಿಡ. ಗಾರ್ಡನ್ ಮಾಡಿಕೊಡೋರು ಒಬ್ರು ಬಂದು ಲಾನ್ ಹಾಕ್ಸಿ ಅಂದ್ರು, ನಮ್ಮೆಜಮಾನ್ರು ರೇಟ್ ಕೇಳಿ ಕಾಫಿ ಕೊಟ್ಟು ಕಳಿಸಿದ್ರು. ಆಮೇಲೆ ನಾವೇ ಶುರು ಮಾಡ್ಕೊಂಡ್ವಿ, ನಾನು, ಯಜಮಾನ್ರು, ಕಾಲೇಜಿಗೆ ಹೋಗೋ ಮಗ, ಮೇಲ್ವಿಚಾರಣೆಗೆ ಕುರ್ಚಿ ಹಾಕ್ಕೊಂಡು ಅತ್ತೆ.

ಕಾಂಗ್ರೆಸ್ ಗಿಡ ಕುಡುಗೋಲಲ್ಲಿ ಕೊಯ್ದ್ರೆ ಪ್ರಯೋಜನ ಇಲ್ಲ, ಬುಡದಿಂದ ಮತ್ತೆ ಚಿಗುರತ್ತೆ. ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದ ಮಾರನೇ ದಿನ ಮಣ್ಣು ಮೆತ್ತಗಿರತ್ತಲ್ಲ, ಆಗ ಬೇರು ಸಮೇತ ಕಿತ್ವಿ, ಅದೂ ಹೂ ಬಿಡೋಕ್ಮುಂಚೆ, ಯಾಕಂದ್ರೆ ಒಂದು ಗಿಡ ಸಾವಿರಾರು ಬೀಜ ಉದುರಿಸತ್ತೆ. ಗ್ಲೌಸು, ತುಂಬು ತೋಳಿನ ಶರ್ಟು, ಮೂಗಿಗೆ ಬಟ್ಟೆ ಬೇಕೇ ಬೇಕು, ಕೆಲವರಿಗೆ ಮೈ ನವೆ ಬರತ್ತೆ, ಉಬ್ಬಸ ಇರೋರಂತೂ ಹತ್ರ ಸುಳೀಬಾರ್ದು. ಮಳೆಗಾಲದಲ್ಲಿ ಇದರ ಎಲೆ ತಿನ್ನೋ ಪಟ್ಟೆಪಟ್ಟೆ ಜೀರುಂಡೆ ಕಾಣತ್ತೆ, ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರು ಕಡೆ ಬಿಟ್ಟಿದ್ದಂತೆ ಅದನ್ನ, ಅದಕ್ಕೇನೂ ಮಾಡ್ಬೇಡಿ ಪಾಪ.

ಜಾಗ ಕ್ಲೀನ್ ಆದ ತಕ್ಷಣ ನರ್ಸರಿಗೆ ಓಡೋಣ ಅನ್ಸತ್ತೆ. ನಾವು ಹೋಗ್ಲಿಲ್ಲ. ನಮ್ಮ ಹಿತ್ತಲು ಕೊಳಕಾಗ್ತಿದ್ದಿದ್ದೇ ಒಗೆಯೋ ಕಲ್ಲಿನ ನೀರು ಹೋಗೋಕೆ ದಾರಿ ಇಲ್ದೆ ಅಲ್ಲೇ ನಿಂತು, ಪಾಚಿ ಕಟ್ಟಿ, ಸೊಳ್ಳೆ ಆಗಿ. ಅದನ್ನ ಬಿಟ್ಟು ಗುಲಾಬಿ ತಂದ್ರೆ ಏನು ಬಂತು?

ಮೇಸ್ತ್ರಿಗಳ ಹತ್ರ ಇರತ್ತಲ್ಲ ಲೆವೆಲ್ ಪೈಪು, ಅದೇ ಟ್ರಾನ್ಸ್‌ಪರೆಂಟ್ ಟ್ಯೂಬು, ಹಾರ್ಡ್‌ವೇರ್ ಅಂಗಡೀಲಿ ತಗೊಂಡು ನೀರು ತುಂಬಿಸಿದ್ವಿ, ಒಳಗೆ ಒಂದೂ ಗುಳ್ಳೆ ಇರಬಾರ್ದು. ಒಂದು ತುದಿ ಮನೆ ಗೋಡೆ ಹತ್ರ ನಾನು ಹಿಡ್ಕೊಂಡೆ, ಇನ್ನೊಂದು ಕಾಂಪೌಂಡ್ ಹತ್ರ ಮಗ, ಎರಡು ಕಡೇನೂ ನೀರು ನಿಂತ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿದ್ರೆ ಅದು ಸಮ ಮಟ್ಟ, ಅಲ್ಲಿಂದ ಕೆಳಕ್ಕೆ ಅಳತೆ ತಗೊಂಡು 10 ಅಡಿಗೆ ಒಂದೂಕಾಲು ಇಂಚು ಇಳಿಜಾರು ಬರೋ ಹಾಗೆ ಮಣ್ಣು ಕೆರೆದ್ವಿ, ಇಳಿಜಾರು ಮನೆಯಿಂದ ಆಚೆಗೆ. ಅದರ ಮೇಲೆ ಎರಡಿಂಚು ಜಲ್ಲಿ ಡಸ್ಟು, ನೀರು ಚಿಮುಕಿಸಿ ದಿಮ್ಮಸು, ಆಮೇಲೆ ಚಪ್ಪಡಿ ಕಲ್ಲು. ಸಂದಿಗೆ ಸಿಮೆಂಟ್ ಹಾಕ್ಲಿಲ್ಲ, ಮಳೆ ನೀರು ಇಂಗ್ಲಿ ಅಂತ. ಕಲ್ಲು ಎತ್ತೋದು ಮಾತ್ರ ಇಬ್ರು ಗಂಡಸ್ರ ಕೆಲಸ, ಹಾರೆ ಮೀಟಿ ಕೂರಿಸ್ಬೇಕು, ಬೆರಳು ಜೋಪಾನ.

ಇಳಿಜಾರಿನ ಕೊನೇಲಿ ಬಾಳೆ ಗುಂಡಿ, ಒಗೆಯೋ ಕಲ್ಲಿನ ನೀರು ಹರಿದು ಬಂದು ಇಂಗೋಕೆ. ಮೂರಡಿ ಅಗಲ, ಮೂರಡಿ ಆಳ, ಸಂಪಿಂದ ದೂರ, ಕಾಂಪೌಂಡ್ ಪಾಯ ಬಿಟ್ಟು. ತೋಡಿದ ಮೇಲೆ ನಾಲ್ಕು ಬಕೆಟ್ ನೀರು ಸುರಿದು ನೋಡಿದ್ವಿ, ನಮ್ದು ಕೆಂಪು ಮಣ್ಣು, ಬೇಗ ಇಂಗಿತು. ಜೇಡಿಮಣ್ಣಾಗಿದ್ರೆ ಇದು ಆಗಲ್ಲ. ಹಳೇ ಇಟ್ಟಿಗೆ ಚೂರೆಲ್ಲ ಅದಕ್ಕೇ ಸುರಿದ್ವಿ, ಹೊರಗೆ ಸಾಗಿಸೋ ಆಟೋ ಬಾಡಿಗೆ ಉಳೀತು. ಮೇಲೆ ತೆಂಗಿನ ಮಟ್ಟೆ, ನೀರು ಕಣ್ಣಿಗೆ ಕಾಣದಂಗೆ, ಕಂಡ್ರೆ ಸೊಳ್ಳೆ ಬಂತು ಅಂತ್ಲೇ. ಅತ್ತೆಗೆ ನಂಜನಗೂಡು ರಸಬಾಳೆನೇ ಬೇಕಿತ್ತು, ಆದ್ರೆ ಅದಕ್ಕೆ ಪನಾಮಾ ಸೊರಗು ರೋಗ ಬೇಗ ಹತ್ತತ್ತೆ, ಒಮ್ಮೆ ಬಂದ್ರೆ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯತ್ತೆ ಅಂತ ಪಚ್ಚಬಾಳೆ ಕಂದು ನೆಟ್ವಿ, ಪಕ್ಕದಲ್ಲಿ ಕಾಬಾಳೆ, ಅದೇ ಕ್ಯಾನಾ ಹೂವಿನ ಗಿಡ. ಎರಡಕ್ಕೂ ಸೋಪಿನ ನೀರು ಒಗ್ಗಿದೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರು ಮಾತ್ರ ಅಲ್ಲಿಗೆ ಬಿಡಲ್ಲ.

ಕರಿಬೇವು, ದೊಡ್ಡಪತ್ರೆ ಒಗೆಯೋ ಕಲ್ಲಿಗೆ ದೂರ ಇವೆ, ತಿನ್ನೋ ಸೊಪ್ಪಿಗೆ ಸೋಪಿನ ನೀರು ಯಾಕೆ. ಉಳಿದ ಮೂಲೇಲಿ ಮಗ ಜೋಕಾಲಿ ಅಂತಾನೆ, ಅತ್ತೆ ಸಂಡಿಗೆ ಒಣಗಿಸೋಕೆ ಬಿಸಿಲು ಬೀಳೋ ಜಾಗ ಅದೊಂದೇ ಅಂತಾರೆ. ಸದ್ಯಕ್ಕೆ ಸಂಡಿಗೆ ಗೆದ್ದಿದೆ.